ಅಪ್ಪನ ಟಬ್ ಕೀಳಿಸುತ್ತಿಲ್ಲ

18 ಮೇ 2025, ಭಾನುವಾರ
ಮಲ್ಲೇಶ್ವರ, ಬೆಂಗಳೂರು

ಮೂರು ವಾರದಿಂದ ತಲೆ ತಿನ್ನುತ್ತಿದ್ದ ವಿಷಯ ಇವತ್ತು ತೀರ್ಮಾನವಾಯಿತು. ಮಹಡಿಯ ಬಾತ್‌ಟಬ್ಬನ್ನು ಕೀಳಿಸುವುದಿಲ್ಲ, ರಿಪೇರಿ ಮಾಡಿಸುತ್ತೇವೆ.

ಅದು ಬೀಡು ಕಬ್ಬಿಣದ ಟಬ್. 1986ರಲ್ಲಿ ಕಂಟೋನ್ಮೆಂಟ್ ಕಡೆ ಯಾವುದೋ ಹಳೇ ಬಂಗಲೆ ಕೆಡವಿದಾಗ ಅಪ್ಪ ಅದನ್ನು ಶಿವಾಜಿನಗರದ ಗುಜರಿಯಲ್ಲಿ ಕೊಂಡು ತಂದಿದ್ದರು. ಆರು ಜನ ಸೇರಿ ಮೆಟ್ಟಿಲು ಹತ್ತಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಕೂತು ಸ್ನಾನ ಮಾಡಿದ್ದು ಅಪ್ಪ ಒಬ್ಬರೇ, ಅದೂ ಬೆನ್ನು ನೋವು ಬಂದಾಗ. ಮಿಕ್ಕವರಿಗೆಲ್ಲ ಅದು ನೀರಿನ ತೊಟ್ಟಿ. 2024ರ ಮಾರ್ಚಿನಲ್ಲಿ ನಮ್ಮ ಬೋರ್ ಬತ್ತಿ, ಟ್ಯಾಂಕರ್‌ಗೆ ಎರಡು ಮೂರು ದಿನ ಕಾಯಬೇಕಾಗಿತ್ತಲ್ಲ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಆ ದಿನಗಳಲ್ಲಿ, ಪಾತ್ರೆ ತೊಳೆಯಲು, ಬಟ್ಟೆಗೆ, ಎಲ್ಲಕ್ಕೂ ಈ ಟಬ್ಬಿನ ನೀರೇ ಆಯಿತು.

ಈಗ ಅದರ ತಳದಲ್ಲಿ ಎರಡು ಕಡೆ ಮೇಲಿನ ಎನಾಮೆಲ್ ಲೇಪ ಎದ್ದು ತುಕ್ಕು ಹಿಡಿದಿದೆ. ಕೆಳಗೆ ಊಟದ ಕೋಣೆಯ ಸೀಲಿಂಗ್ ಒದ್ದೆ. ಪ್ಲಂಬರ್ ನೋಡಿದವನೇ, "ತೂತು ಬಿದ್ದಿದೆ ಸಾರ್, ಒಡೆದು ತೆಗೆದು ಅಕ್ರಿಲಿಕ್‌ದು ಹಾಕ್ಸಿಬಿಡಿ" ಅಂದ. ಅಕ್ರಿಲಿಕ್ ಹಗುರ, ನಿಜ. ಆದರೆ 100 ಕೆಜಿಗೂ ಜಾಸ್ತಿ ತೂಗುವ ಇದನ್ನು ಇಳಿಸಬೇಕಾದರೆ ಸುತ್ತಿಗೆಯಲ್ಲಿ ಚೂರು ಮಾಡಬೇಕು. ಟೈಲ್ಸ್ ಹೋಗುತ್ತದೆ, ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಬೇಕು.

ಅಮ್ಮ ಹೇಳಿದಳು, "ಬಟ್ಟೆಗೆ ಹಾಕೋ ನೀಲಿ ಕಲಸಿ ನೋಡೋ."

ಶುಕ್ರವಾರ ರಾತ್ರಿ ಬಿರಡೆ ಹಾಕಿ, ಅರ್ಧ ಟಬ್ ನೀರು ತುಂಬಿ ನೀಲಿ ಕಲಸಿದೆವು. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದೆ. ಬೆಳಿಗ್ಗೆ ನೀರು ಗೆರೆಯಲ್ಲೇ ಇತ್ತು, ಸೀಲಿಂಗಿನಲ್ಲಿ ನೀಲಿ ಇಲ್ಲ. ಬಿರಡೆ ತೆಗೆದೆ. ಅರ್ಧ ಗಂಟೆಯಲ್ಲಿ ಕೆಳಗೆ ನೀಲಿ ಕಲೆ! ಅಂದರೆ ಸೋರುತ್ತಿರುವುದು ಟಬ್ ಅಲ್ಲ, ಅದರ ಕೆಳಗಿನ ವೇಸ್ಟ್ ಕಪ್ಲಿಂಗ್, ಅಂದರೆ ನೀರು ಹೊರಹೋಗುವ ತೂತನ್ನು ಪೈಪಿಗೆ ಸೇರಿಸುವ ಭಾಗ. ಇವತ್ತು ಪ್ಲಂಬರ್ ಬಿಚ್ಚಿದಾಗ ರಬ್ಬರ್ ವಾಷರ್ ಪುಡಿಪುಡಿಯಾಗಿ ಕೈಗೆ ಬಂತು. ತುಕ್ಕಿನ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕೆರೆದು ನೋಡಿದೆ, ಒಳಗೆ ಕಬ್ಬಿಣ ಗಟ್ಟಿಯಾಗಿದೆ.

ಪೂರ್ತಿ ಟಬ್ಬಿಗೆ ಹೊಸ ಕೋಟಿಂಗ್ ಹೊಡೆಸಿ ಅಂತ ತಮ್ಮ ಹೇಳುತ್ತಿದ್ದ. ನನಗೆ ಮನಸ್ಸಾಗಲಿಲ್ಲ. ಮೊದಲಿನ ಎನಾಮೆಲ್ ಅಂದರೆ ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಕಾಯಿಸಿ ಕಬ್ಬಿಣಕ್ಕೆ ಕರಗಿಸಿ ಅಂಟಿಸಿದ ಗಾಜು. ಈಗ ಮನೆಗೆ ಬಂದು ಹೊಡೆಯುವುದು ಒಂದು ಥರ ಪೇಂಟು ಅಷ್ಟೇ, ಅಷ್ಟು ಬಾಳಿಕೆ ಬರುವುದಿಲ್ಲ. ಅದು ಎದ್ದಾಗ ಕೀಳಲು ಸ್ಟ್ರಿಪ್ಪರ್, ಅಂದರೆ ಪೇಂಟು ಕರಗಿಸಿ ತೆಗೆಯುವ ರಾಸಾಯನಿಕ, ಬೇಕು. ಮೆಥಿಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರ್ ಬಳಸಿ ಟಬ್ ಕೆಲಸ ಮಾಡುವಾಗ ಅಮೆರಿಕದಲ್ಲಿ 2000ದಿಂದ 2011ರೊಳಗೆ 13 ಕೆಲಸಗಾರರು ಸತ್ತಿದ್ದಾರೆ. ಅದರ ಆವಿ ಗಾಳಿಗಿಂತ ಭಾರ, ಟಬ್ಬಿನೊಳಗೇ ನಿಲ್ಲುತ್ತದೆ, ಕೆಲಸದವನ ತಲೆ ಬಗ್ಗಿರುವುದೂ ಅಲ್ಲೇ. ನಮ್ಮ ಬಚ್ಚಲಿಗೆ ಇರುವುದು ಒಂದು ಸಣ್ಣ ಕಿಟಕಿ. ಮುಂದೆ ಯಾರನ್ನೋ ಅಲ್ಲಿ ಕೂರಿಸಿ ಆ ಕೆಲಸ ಮಾಡಿಸುವುದು ನನ್ನಿಂದ ಆಗದು.

ಹಾಗಾಗಿ ಎದ್ದ ಎರಡು ಜಾಗಕ್ಕೆ ಮಾತ್ರ ತುಕ್ಕು ಉಜ್ಜಿ ತೆಗೆದು ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿಸುತ್ತೇವೆ. ಬಣ್ಣ ಸ್ವಲ್ಪ ಬೇರೆ ಕಾಣಬಹುದು, ಕಾಣಲಿ. ಬೋರ್ ನೀರಿನ ಬಿಳಿ ಕಲೆ ಹೋಗಲಿ ಅಂತ ಇಷ್ಟು ವರ್ಷ ಆಸಿಡ್ ಹಾಕಿ ಉಜ್ಜಿಸುತ್ತಿದ್ದೆವು, ಎನಾಮೆಲ್ಲಿನ ಹೊಳಪು ಹೋಗಿದ್ದೇ ಅದರಿಂದ. ಆ ಬಾಟಲಿಯನ್ನು ಬಚ್ಚಲಿನಿಂದ ಆಚೆ ಇಟ್ಟಾಯಿತು.

ಮಂಗಳವಾರ ಹೊಸ ಕಪ್ಲಿಂಗ್ ಹಾಕುತ್ತಾನೆ. ಎಪಾಕ್ಸಿ ಚೆನ್ನಾಗಿ ಒಣಗಬೇಕು, ಮಳೆ ಹಿಡಿಯುವ ಮೊದಲೇ ಮುಗಿಸಬೇಕು. ಅಲ್ಲಿವರೆಗೆ ನೀರು ಹಿಡಿದಿಡಲು ಅಮ್ಮ ಅಟ್ಟದಿಂದ ತಾಮ್ರದ ಹಂಡೆ ಇಳಿಸಿ ಕೊಡು ಅಂದಿದ್ದಾಳೆ.