ಹೂಮಳೆಯಲ್ಲಿ ನೆನೆದ ಪೇಪರ್

ಬಿಎಸ್ಸಿ ಕೊನೆಯ ಸೆಮಿಸ್ಟರ್‌ನ ಫಿಸಿಕ್ಸ್ ಲ್ಯಾಬ್ ಶುರುವಾಗುವ ಮೊದಲು ಮೇಷ್ಟ್ರು ಒಂದು ಕೆಲಸ ಹಚ್ಚಿದರು. ‘ಜಿ.ಎಂ. ಕೌಂಟರ್ ಮುಟ್ಟೋಕೆ ಮುಂಚೆ ಏನಾದ್ರೂ ಎಣಿಸಿಕೊಂಡು ಬನ್ನಿ. ಲೆಕ್ಕ ತಾನಾಗೇ ಎಷ್ಟು ಏರಿಳಿಯುತ್ತೆ ಅಂತ ನೋಡಿ.’

ಗೈಗರ್ ಮತ್ತು ಮುಲ್ಲರ್ 1928ರಲ್ಲಿ ರೂಪಿಸಿದ, ವಿಕಿರಣ ಎಣಿಸುವ ಕೌಂಟರ್ ಅದು. ಕೊಳವೆ ತುಂಬ ಅನಿಲ, ನಡುವೆ ಒಂದು ತಂತಿ, ಅದಕ್ಕೆ ನೂರಾರು ವೋಲ್ಟ್. ವಿಕಿರಣ ಒಳಗೆ ಬಂದು ಅನಿಲವನ್ನು ಅಯಾನೀಕರಿಸಿದರೆ, ಅಂದರೆ ಅದರ ಕಣಗಳಿಂದ ಎಲೆಕ್ಟ್ರಾನ್ ಕಿತ್ತರೆ, ಒಂದು ವಿದ್ಯುತ್ ಪಲ್ಸ್, ಅದೇ ಒಂದು ಎಣಿಕೆ. ಉಪಕರಣ ಎಷ್ಟೇ ಚೆನ್ನಾಗಿದ್ದರೂ ಒಂದು ನಿಮಿಷದ ಲೆಕ್ಕ ಇನ್ನೊಂದು ನಿಮಿಷಕ್ಕೆ ಬರುವುದಿಲ್ಲ. ಸರಾಸರಿ 100 ಇದ್ದರೆ ಅದರ ವರ್ಗಮೂಲ 10ರಷ್ಟು ಆಚೀಚೆ ಆಗುವುದು ಸಹಜ. ಪುಸ್ತಕದಲ್ಲಿ ಓದಿದರೆ ಇಷ್ಟೇ, ಅಲ್ವಾ?

ನಾನೂ ಗೆಳೆಯನೂ ಚಿಕ್ಕಮಗಳೂರಿನ ಕೆ.ಎಂ. ರಸ್ತೆಯ ಟೀ ಅಂಗಡಿಯಲ್ಲಿ ಕೂತು ವಾಹನ ಎಣಿಸಿದೆವು. ನಿಮಿಷಕ್ಕೆ ಸರಾಸರಿ 9. ಅಂದರೆ 3ರಷ್ಟು ಏರುಪೇರು ಇರಬೇಕು. ಆದರೆ ಒಮ್ಮೆ 2, ಮರುನಿಮಿಷ 19. ಕಾರಣ ಕಣ್ಣೆದುರೇ ಇತ್ತು. ತೆವಳುತ್ತಾ ಬರುವ ಒಂದು ಲಾರಿ, ಅದರ ಹಿಂದೆ ಓವರ್‌ಟೇಕ್ ಮಾಡಲಾಗದ ಕಾರುಗಳ ಸಾಲು. ಒಂದು ಬಂದದ್ದಕ್ಕೂ ಇನ್ನೊಂದು ಬರುವುದಕ್ಕೂ ಸಂಬಂಧ ಇರಬಾರದು, ಆಗ ಮಾತ್ರ ವರ್ಗಮೂಲದ ನಿಯಮ ನಡೆಯುತ್ತದೆ. ಈ ಷರತ್ತನ್ನು ನಮ್ಮಲ್ಲಿ ಯಾರೂ ಸರಿಯಾಗಿ ಓದುವುದೇ ಇಲ್ಲ.

ಆಲ್ದೂರಿನ ಹತ್ತಿರ ನಮ್ಮ ಮನೆ. ಭಾನುವಾರ ಮಧ್ಯಾಹ್ನ, ಕಾಫಿ ಹೂ ಅರಳಿಸುವ ಹೂಮಳೆಯ ಮೋಡ ಕಟ್ಟಿತು. ಹಳೇ ಪೇಪರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ 4 ಸೆಂ.ಮೀ.ನ 100 ಚೌಕದ ಮನೆ ಗೀಚಿ, ಕಣಕ್ಕೆ ಓಡಿದೆ. ಅಪ್ಪ, ಅಮ್ಮ ಒಣಗಲು ಹಾಕಿದ್ದ ಮೆಣಸಿನ ಮೇಲೆ ಟಾರ್ಪಲ್ ಎಳೆಯುತ್ತಿದ್ದರು.

‘ಮೆಣಸು ನೆನೀತಿದೆ, ನೀನು ಪೇಪರ್ ನೆನೆಸ್ತಾ ನಿಂತಿದೀಯಲ್ಲೋ!’ ಅಂದಳು ಅಮ್ಮ.

‘ಒಂದೇ ನಿಮಿಷ ಅಮ್ಮಾ, ಪ್ರಾಕ್ಟಿಕಲ್‌ಗೆ.’

‘ನಿನ್ನ ಪ್ರಾಕ್ಟಿಕಲ್‌ಗಿಷ್ಟು! ಆ ತುದಿ ಹಿಡ್ಕೊ.’

ದಪ್ಪ ಹನಿಗಳು ಟಪ್ ಟಪ್ ಅಂತ ಬಿದ್ದವು. ಪೇಪರನ್ನು ಜಗುಲಿಗೆ ಎಸೆದು ಟಾರ್ಪಲ್ ಹಿಡಿದೆ. ಆಮೇಲೆ ಕಲೆ ಆರುವ ಮೊದಲೇ ಪ್ರತಿ ಹನಿಗೂ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಮನೆಗೆ ಸರಾಸರಿ 4 ಹನಿ. ಒಂದರಲ್ಲಿ 9 ಹನಿ ಒತ್ತೊತ್ತಾಗಿ ಬಿದ್ದಿದ್ದವು. ಪಕ್ಕದ್ದು ಪೂರ್ತಿ ಖಾಲಿ. ಯಾರೋ ಬೇಕಂತಲೇ ಹೀಗೆ ಮಾಡಿದ್ದಾರೆ ಅನ್ನಿಸುವಷ್ಟು. ಆದರೆ ಸರಾಸರಿ 4 ಇದ್ದಾಗ 100ರಲ್ಲಿ ಸುಮಾರು 2 ಮನೆ ಖಾಲಿ ಉಳಿಯಬೇಕು ಅನ್ನುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದೆ ಬೀಳುವಂಥವುಗಳ ಲೆಕ್ಕ ಹೇಳುವ ಪಾಯ್ಸಾನ್ ಸೂತ್ರ. ನನ್ನ ಪೇಪರಿನಲ್ಲಿ ಖಾಲಿ ಇದ್ದದ್ದು 3. ಆವತ್ತು ಆದ ಖುಷಿ ಅಷ್ಟಿಷ್ಟಲ್ಲ!

ಅದೇ ಹುರುಪಿನಲ್ಲಿ ರಾತ್ರಿ ಲ್ಯಾಬ್‌ನ ಪ್ಲಾನ್ ಹಾಕಿದೆ. ವಿಕಿರಣದ ಯಾವ ಸೋರ್ಸೂ ಇಡದಾಗಲೂ ಕೌಂಟರ್ ಎಣಿಸುತ್ತಲೇ ಇರುತ್ತದೆ, ಕಾಸ್ಮಿಕ್ ಕಿರಣ, ಕಲ್ಲು, ಗೋಡೆ ಎಲ್ಲದರಿಂದ. ಈ ಬ್ಯಾಕ್‌ಗ್ರೌಂಡನ್ನು ಮೊದಲು ಅಳೆದು ಕಳೆಯಬೇಕು. ನಿಮಿಷಕ್ಕೆ 30 ಅಂದುಕೊಂಡರೆ, ಶೇ. 1ರ ನಿಖರತೆಗೆ 10,000 ಎಣಿಕೆ ಬೇಕು, ಅದರ ವರ್ಗಮೂಲ 100 ತಾನೆ. ಅಂದರೆ ಐದೂವರೆ ಗಂಟೆ! ನಮ್ಮ ಲ್ಯಾಬ್ ಇರುವುದೇ ಮೂರು ಗಂಟೆ. 900 ಎಣಿಸಿದರೆ ಶೇ. 3ಕ್ಕೆ ಸ್ವಲ್ಪ ಜಾಸ್ತಿ, ಅರ್ಧ ಗಂಟೆ ಸಾಕು. ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ‘ಆ ಅರ್ಧ ಗಂಟೇಲಿ ಸುಮ್ನೆ ಕೂರೋದ್ಯಾಕೆ, ರೆಕಾರ್ಡ್ ಬರ್ಕೊಳ್ಳೋಣ ಬಿಡು’ ಅಂದ.