ನರ್ಸ್ ಬರೆದಿದ್ದ ಆ ಒಂದು ಸಾಲು

ಮೈಸೂರಿನಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್‌ಗಳಿಗೆ ಕೋಡ್ ಹಾಕುವುದು, ಅಂದರೆ ಅದರಲ್ಲಿ ಬರೆದ ಕಾಯಿಲೆ, ಕಾರಣಗಳಿಗೆ ನಿಗದಿಯಾದ ಸಂಕೇತ ಕೊಡುವುದು, ನನ್ನ ಕೆಲಸ. ಮೊನ್ನೆ ಒಂದು ಚಾರ್ಟಿನಲ್ಲಿ ಬಿಪಿ ಇತ್ತು, ಅದರ ಕೋಡ್ ಐ10 ಹಾಕಿದೆ. ಮುಂದಿನದಕ್ಕೆ ಹೋಗುವಷ್ಟರಲ್ಲಿ ನರ್ಸ್ ಬರೆದ ಸಾಲು ಕಣ್ಣಿಗೆ ಬಿತ್ತು: ವಾರವಾರ ಪಾಳಿ ಬದಲಾಗುತ್ತದೆ, ಮಾತ್ರೆಯ ಹೊತ್ತು ತಪ್ಪುತ್ತದೆ, ನಿದ್ದೆಯಿಲ್ಲ.

ಪಕ್ಕದಲ್ಲಿದ್ದ ಹೊಸ ಹುಡುಗಿ, "ಅಕ್ಕಾ, ಇದನ್ನು ಡಾಕ್ಟರು ಬರೆದಿಲ್ಲವಲ್ಲ, ಕೋಡ್ ಹಾಕಬಹುದಾ?" ಅಂದಳು. ಹಾಕಬಹುದು. ಇಂಥ ಸಾಮಾಜಿಕ ಕಾರಣಗಳಿಗೆ ನರ್ಸ್, ಸೋಶಿಯಲ್ ವರ್ಕರ್ ಬರೆದದ್ದೂ ಸಾಕು, ಅದು ಅಧಿಕೃತ ದಾಖಲೆಯಲ್ಲಿದ್ದರೆ ಆಯಿತು. ಇದಕ್ಕೆ ಝಡ್56.3, ಅಂದರೆ ಒತ್ತಡದ ಕೆಲಸದ ವೇಳಾಪಟ್ಟಿ. ಕೆಲಸವೇ ಇಲ್ಲದಿದ್ದರೆ 56.0, ಹೋಗುವ ಭಯವಿದ್ದರೆ 56.2, ಮೇಲಧಿಕಾರಿ ಅಥವಾ ಸಹೋದ್ಯೋಗಿಗಳ ಜೊತೆ ಮನಸ್ತಾಪಕ್ಕೆ 56.4. ಕೆಲಸದ ಜಾಗದ ಧೂಳು, ಸದ್ದು ಝಡ್57ಕ್ಕೆ ಸೇರಿದ್ದು. ಇವು ಯಾವುವೂ ಮೊದಲ ಕೋಡ್ ಆಗುವಂತಿಲ್ಲ, ರೋಗದ ಕೋಡಿನ ನಂತರವೇ ಬರಬೇಕು. ಪಾಳಿ ಕೆಲಸ ಅಂದಮಾತ್ರಕ್ಕೂ ಹಾಕುವಂತಿಲ್ಲ. ಅದು ಆರೋಗ್ಯಕ್ಕೆ ತೊಂದರೆ ಕೊಡುತ್ತಿದೆ ಅಂತ ದಾಖಲೆಯಲ್ಲಿರಬೇಕು.

ನಮ್ಮಪ್ಪ ವರ್ಷಗಟ್ಟಲೆ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದವರು. ಅವರ ಹಳೆಯ ಚೀಟಿಗಳನ್ನು ಅಮ್ಮ ಇನ್ನೂ ಟ್ರಂಕಿನಲ್ಲಿಟ್ಟಿದ್ದಾಳೆ. ಎಲ್ಲದರಲ್ಲೂ ಬಿಪಿ ಮಾತ್ರೆಯ ಹೆಸರಿದೆ. ಯಾವುದರಲ್ಲೂ ಪಾಳಿಯ ಮಾತಿಲ್ಲ, ಯಾರೂ ಕೇಳಿರಲಿಲ್ಲ.

ಅದಕ್ಕೇ ನಾನು ನರ್ಸ್ ಟಿಪ್ಪಣಿಯನ್ನು ಕೊನೆಯ ಸಾಲಿನವರೆಗೂ ಓದುತ್ತೇನೆ, ಟಾರ್ಗೆಟ್ ಎಷ್ಟೇ ಬಾಕಿಯಿರಲಿ.