ವ್ಯಾನಿನ ಬಾಡಿಗೆ

12 ಜನವರಿ 2025, ಆದಿತ್ಯವಾರ
ಬದಿಯಡ್ಕ

ರಾತ್ರಿ ಹತ್ತೂವರೆ. ಎಷ್ಟು ಸೋಪು ಹಾಕಿ ತೊಳೆದರೂ ಕೈಯ ನೀರುಳ್ಳಿ ವಾಸನೆ ಬಿಟ್ಟಿಲ್ಲ. ನಿನ್ನೆಯಿಂದ ಎರಡು ಗಂಟೆ ನಿದ್ದೆ ಆಗಿದ್ದರೆ ಹೆಚ್ಚು. ಆದರೂ ಇವತ್ತಿನದ್ದನ್ನು ಇವತ್ತೇ ಬರೆದಿಡಬೇಕು. ನಾಳೆಗೆ ಇಟ್ಟರೆ ಲೆಕ್ಕ ಮಾತ್ರ ಪುಸ್ತಕದಲ್ಲಿರುತ್ತದೆ, ಬಾಕಿಯೆಲ್ಲ ಮರೆತುಹೋಗುತ್ತದೆ.

ಕಿಡ್ನಿ ರೋಗಿಗಳ ಸಹಾಯಕ್ಕೆ ನಮ್ಮ ಲಯನ್ಸ್ ಕ್ಲಬ್ಬಿನವರು ಇವತ್ತು ಬಿರಿಯಾನಿ, ಹೋಳಿಗೆ ಮಾರಿದೆವು. ಮೊದಲು ಅದರ ಲೆಕ್ಕವನ್ನೇ ಬರೆಯುತ್ತೇನೆ. ಬಿರಿಯಾನಿ 640 ಪ್ಯಾಕೆಟ್, 120 ರೂಪಾಯಿಯಂತೆ 76,800. ಹೋಳಿಗೆ 310 ಪ್ಯಾಕೆಟ್, ನೂರರಂತೆ 31,000. ಅದರಲ್ಲಿ ಖರ್ಚು 41,350 ಹೋಗಿ ಉಳಿದದ್ದು 66,450. ಮೊನ್ನೆ ಶುಕ್ರವಾರ ಇದೇ ಸಹಾಯಕ್ಕೆ ಓಡಿದ ಬಸ್ಸಿನ ಬಕೆಟ್ಟಿಗೆ ಬಿದ್ದದ್ದು 18,460. ಎಲ್ಲ ಸೇರಿ 84,910 ರೂಪಾಯಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿಯಾದ ನಾನು ಮೂವರೂ ಬೇರೆಬೇರೆಯಾಗಿ ಕೂತು ಎಣಿಸಿದೆವು. ಮೂವರಿಗೂ ಒಂದೇ ಮೊತ್ತ ಬಂದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಈ ಹಣ ಒಂದು ಓಮ್ನಿ ವ್ಯಾನಿನ ಬಾಡಿಗೆಗೆ. ಪೆರ್ಲದ ಕಡೆಯ ಆರು ಮಂದಿಯನ್ನು ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ಮುಗಿದ ಮೇಲೆ ಮನೆಯಂಗಳಕ್ಕೆ ತಂದು ಬಿಡಲು ದಿನಕ್ಕೆ 1,200. ವಾರಕ್ಕೆ 3,600. ಭಾಗಿಸಿ ನೋಡಿದರೆ ಇಪ್ಪತ್ತಮೂರು ವಾರ ಬರುತ್ತದೆ, ಮೇಲೆ 2,110 ರೂಪಾಯಿ ಉಳಿಯುತ್ತದೆ. ನಾಳೆ ಶುರುವಾದರೆ ಜೂನ್ ಮೂರನೇ ವಾರದವರೆಗೆ ಓಡುತ್ತದೆ. ನಮ್ಮ ಲಯನ್ಸ್ ವರ್ಷ ಮುಗಿಯುವುದೂ ಜೂನ್ 30ಕ್ಕೇ.

ಅಕ್ಟೋಬರಿನ ಮೀಟಿಂಗಿನಲ್ಲಿ ಇದು ಸುಲಭಕ್ಕೆ ಪಾಸಾಗಿರಲಿಲ್ಲ. ಡಯಾಲಿಸಿಸ್ ಮೆಷಿನ್ ಒಂದನ್ನು ಕೊಡುವ ಎಂದು ಹೆಚ್ಚಿನವರ ಅಭಿಪ್ರಾಯವಿತ್ತು. ಆರೇಳು ಲಕ್ಷದ ಯೋಜನೆ. ಒಂದು ವರ್ಷ ಹಣ ಒಟ್ಟುಮಾಡಿ, ದೊಡ್ಡ ಕಾರ್ಯಕ್ರಮ ಇಟ್ಟು, ಹಸ್ತಾಂತರ ಮಾಡಬಹುದು. ಅವರ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಮೆಷಿನ್ ಬೇಕಾದ ಕಡೆ ಮೆಷಿನ್ ಕೊಡುವುದು ದೊಡ್ಡ ಕೆಲಸವೇ. ಆದರೆ ನಮ್ಮವರು ಹೋಗುವ ಆಸ್ಪತ್ರೆಯಲ್ಲಿ ಮೆಷಿನ್ ಇದೆ. ವಿಮೆಯ ಕಾರ್ಡ್ ಇದ್ದವರು ಅಲ್ಲಿ ಕೈಯಿಂದ ದುಡ್ಡು ಕೊಡಬೇಕಾಗಿಯೂ ಇಲ್ಲ. ಶುಕ್ರವಾರ ಅಲ್ಲಿ ಹೋಗಿ ನೋಡಿದರೆ ಎರಡು ಹಾಸಿಗೆ ಖಾಲಿ. ರೋಗಿಗಳಿಲ್ಲದೆ ಖಾಲಿಯಲ್ಲ. ಬರಬೇಕಾದವರು ಮನೆಯಲ್ಲಿ ಕೂತದ್ದರಿಂದ ಖಾಲಿ. ಗುಡ್ಡದ ಮೇಲಿನ ಮನೆಯಿಂದ ಆಟೋ ಮಾಡಿಕೊಂಡು ಹೋಗಿ ಬರಲು ಐನೂರೈವತ್ತು ಬೇಕು. ವಾರಕ್ಕೆ ಮೂರು ಸಲ. ಸೋಮವಾರ ಹೇಗೋ ಆಗುತ್ತದೆ, ಬುಧವಾರ ಸಾಲ ಆಗುತ್ತದೆ, ಶುಕ್ರವಾರಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ.

ನನಗೆ ಇದು ಗೊತ್ತಾದದ್ದು ನಮ್ಮ ಪ್ರೆಸ್ಸಿನ ಬೈಂಡರಣ್ಣನಿಂದ. ಇಪ್ಪತ್ತೇಳು ವರ್ಷ ನನ್ನ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದವರು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು, ಡಯಾಲಿಸಿಸ್ ಶುರುವಾಗಿ ಎರಡು ವರ್ಷ ಆಯಿತು. ಅವರಿಗೆ ಸೋಮವಾರ ಮತ್ತು ಬುಧವಾರ ರಜೆ ಬೇಕಿತ್ತು. ವಾರಕ್ಕೆ ಮೂರು ಸಲ ಬೇಡವಾ ಅಂತ ಕೇಳಿದರೆ, "ನನಗೆ ಎರಡು ಸಾಕು ಅಂತ ಡಾಕ್ಟ್ರು ಹೇಳಿದ್ದಾರೆ" ಎಂದಿದ್ದರು. ನಾನೂ ನಂಬಿದೆ. ಕಳೆದ ಸೆಪ್ಟೆಂಬರಿನ ಒಂದು ಆದಿತ್ಯವಾರ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ರಾತ್ರಿಯಿಡೀ ಹಾಗೆಯೇ ಕೂತಿದ್ದರಂತೆ. ಕಾಲು ಎಷ್ಟು ಬಾತಿತ್ತೆಂದರೆ ಚಪ್ಪಲಿಯ ಪಟ್ಟಿಯ ಗುರುತು ಚರ್ಮದಲ್ಲಿ ಕುಳಿಯಾಗಿ ನಿಂತಿತ್ತು. ಹೊರಗೆ ಹೋಗಬೇಕಾದ ನೀರು ಮೈಯಲ್ಲೇ ನಿಂತು ಶ್ವಾಸಕೋಶಕ್ಕೆ ಏರಿತ್ತು. ಅವತ್ತು ಜೀಪು ಮಾಡಿ ಮಂಗಳೂರಿಗೆ ಓಡಿಸಿದೆವು. ದಾರಿಯಲ್ಲಿ ಅವರ ಹೆಂಡತಿ ನಿಜ ಹೇಳಿದರು. ಡಾಕ್ಟ್ರು ಎರಡು ಸಾಕು ಅಂತ ಯಾವತ್ತೂ ಹೇಳಿರಲಿಲ್ಲ.

ಅದೇ ದಿನ ಬೈಂಡರಣ್ಣ ನನ್ನ ಕೈ ಹಿಡಿದು ತಮ್ಮ ಎಡಗೈಯ ಮಣಿಕಟ್ಟಿನ ಮೇಲೆ ಇಟ್ಟುಕೊಂಡರು. ರಕ್ತನಾಳ ಎರಡನ್ನು ಜೋಡಿಸಿ ಹೊಲಿದ ಜಾಗ, ಫಿಸ್ಟುಲ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎಂದು ನಡುಗುತ್ತಿರುತ್ತದೆ, ಪ್ರೆಸ್ಸಿನ ಮೇಜಿಗೆ ಕೈ ಊರಿದರೆ ಆಚೆ ಕೋಣೆಯ ಮೋಟಾರು ಗೊತ್ತಾಗುವ ಹಾಗೆ. "ಇದು ನಿಂತರೆ ಕತೆ ಮುಗಿಯಿತು. ಬೆಳಿಗ್ಗೆ ಎದ್ದ ಕೂಡಲೇ ದೇವರಿಗೆ ಕೈ ಮುಗಿಯುವ ಮೊದಲು ಇದನ್ನು ಮುಟ್ಟಿ ನೋಡುತ್ತೇನೆ" ಎಂದರು. ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಬಿ.ಪಿ. ನೋಡುವ ಹಾಗಿಲ್ಲ, ಅದರ ಮೇಲೆ ತಲೆ ಇಟ್ಟು ಮಲಗುವ ಹಾಗೂ ಇಲ್ಲ. ಅಕ್ಟೋಬರಿನ ಮೀಟಿಂಗಿನಲ್ಲಿ ನಾನು ಹೇಳಿದ್ದು ಇದನ್ನೇ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ನೂರಿಪ್ಪತ್ತು ಲೀಟರಿನಷ್ಟು ಶುದ್ಧ ನೀರು ಬೇಕು, ಅದನ್ನು ಕೊಡುವ ಘಟಕ ಇದೆ, ಮೆಷಿನ್ ಇದೆ, ನರ್ಸುಗಳಿದ್ದಾರೆ. ಇಷ್ಟೆಲ್ಲ ಇದ್ದೂ ಐನೂರೈವತ್ತು ರೂಪಾಯಿ ಇಲ್ಲದೆ ಒಬ್ಬ ಮನುಷ್ಯ ಗೋಡೆಗೆ ಒರಗಿ ರಾತ್ರಿ ಕಳೆಯುತ್ತಾನೆ. ಮೆಷಿನ್ ಕೊಟ್ಟರೆ ಅದರ ಮೇಲೆ ನಮ್ಮ ಹೆಸರು ಬರೆಸಬಹುದು, ವ್ಯಾನಿನ ಬಾಡಿಗೆಯ ಮೇಲೆ ಯಾರ ಹೆಸರನ್ನೂ ಬರೆಸಲಿಕ್ಕೆ ಆಗುವುದಿಲ್ಲ, ಆದರೂ ಈ ವರ್ಷ ಬಾಡಿಗೆಯೇ ಆಗಲಿ ಎಂದು ಕೈಮುಗಿದು ಕೇಳಿಕೊಂಡೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮತ್ತೆ ಮೊದಲು ಕೈ ಎತ್ತಿದ್ದು ಮೆಷಿನ್ ಬೇಕು ಎಂದಿದ್ದ ಹಿರಿಯ ಸದಸ್ಯರೇ.

ವಸ್ತು ಕೊಟ್ಟು ಬಂದು ನಾವು ತಪ್ಪಿದ್ದು ಮೊದಲ ಸಲವಲ್ಲ. ಎಣ್ಮಕಜೆಯ ಪಡ್ರೆಯ ಕಡೆ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರು. ನಡೆಯಲಾಗದ ಅಲ್ಲಿನ ಮಕ್ಕಳ ಸ್ಥಿತಿ ಕಂಡು ಕರುಳು ಕಿವುಚಿ ನಾವು ಕೆಲವರು ಹಣ ಒಟ್ಟುಮಾಡಿ ವೀಲ್‌ಚೇರುಗಳನ್ನು ತೆಗೆದುಕೊಂಡು ಹೋದೆವು. ಅಲ್ಲಿ ಮನೆಗಳು ರಸ್ತೆಯಲ್ಲಿಲ್ಲ, ಗುಡ್ಡದಿಂದ ಮೆಟ್ಟಿಲು ಇಳಿದು, ತೋಡು ದಾಟಿ, ಅಡಕೆ ತೋಟದ ನಡುವೆ. ಆರು ತಿಂಗಳು ಬಿಟ್ಟು ಹೋದಾಗ ಒಂದು ಮನೆಯ ಕೊಟ್ಟಿಗೆಯಲ್ಲಿ ನಮ್ಮ ವೀಲ್‌ಚೇರಿನ ಮೇಲೆ ಅಡಕೆ ಗೋಣಿ ಇಟ್ಟಿದ್ದರು. ತಾಯಿ ಮಗುವನ್ನು ಸೊಂಟದಲ್ಲೇ ಹೊತ್ತು ಮೇಲೆ ಹತ್ತುತ್ತಿದ್ದಳು. ಹುಡುಗನಿಗೆ ಆಗ ಹನ್ನೊಂದು ವರ್ಷ. ಆ ತಾಯಿ ನಮ್ಮನ್ನು ಕಂಡು ಗಾಬರಿಯಾಗಿ ಗೋಣಿ ಇಳಿಸಲು ಹೋದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದಾರಿ ನೋಡದೆ ಕೊಟ್ಟ ನಾವು ತಪ್ಪಿತಸ್ಥರು, ಅವಳು ನಾಚಿಕೊಂಡಳು.

ಬಸ್ಸಿನ ದಿನದ ಬಗ್ಗೆ ಬರೆಯದಿದ್ದರೆ ಆಗದು. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಖಾಸಗಿ ಬಸ್ಸಿನವರು ಕಾರುಣ್ಯ ಯಾತ್ರೆ ಅಂತ ಮಾಡುತ್ತಾರೆ. ಒಂದು ದಿನದ ಓಟದ ಇಡೀ ಕಲೆಕ್ಷನ್ ರೋಗಿಗಳಿಗೆ. ಟಿಕೇಟಿಲ್ಲ, ಕಂಡಕ್ಟರ್ ಬಕೆಟ್ ಹಿಡಿದುಕೊಂಡು ಬರುತ್ತಾನೆ, ಮನಸ್ಸಿಗೆ ಬಂದಷ್ಟು ಹಾಕಬಹುದು. ಶುಕ್ರವಾರ ಡೀಸೆಲ್ ಹಣವನ್ನೂ ಮಾಲಕರೇ ಹಾಕಿದರು, ಡ್ರೈವರ್ ಮತ್ತು ಕಂಡಕ್ಟರ್ ಸಂಬಳ ತೆಗೆದುಕೊಳ್ಳಲಿಲ್ಲ. ನಾನು ಬೆಳಗಿನ ಎರಡು ಟ್ರಿಪ್ಪಿಗೆ ಬಕೆಟ್ ಹಿಡಿದೆ. ನೀರ್ಚಾಲಿನಲ್ಲಿ ಯೂನಿಫಾರ್ಮಿನ ಒಬ್ಬಳು ಹುಡುಗಿ ಹತ್ತಿದಳು, ಏಳನೆಯೋ ಎಂಟನೆಯೋ ಕ್ಲಾಸಿನವಳು. ಶಾಲೆ ಮಕ್ಕಳ ಕನ್ಸೆಶನ್ ಒಂದೆರಡು ರೂಪಾಯಿ ಅಷ್ಟೆ. ಅವಳು ಬ್ಯಾಗಿನ ಸಣ್ಣ ಜಿಪ್ಪು ತೆಗೆದು, ನಾಲ್ಕು ಮಡಿಕೆ ಮಾಡಿದ ಇಪ್ಪತ್ತರ ನೋಟು ತೆಗೆದು, ಮಡಿಕೆ ಬಿಡಿಸಿ, ತೊಡೆಯ ಮೇಲೆ ಇಟ್ಟು ನೇರ ಮಾಡಿ ಬಕೆಟ್ಟಿಗೆ ಹಾಕಿದಳು. ಯಾರಿಗೆ ಅಂತ ಕೇಳಿದಳು. ಕಿಡ್ನಿ ಕಾಯಿಲೆಯವರು ಆಸ್ಪತ್ರೆಗೆ ಹೋಗಲಿಕ್ಕೆ ಎಂದೆ. "ನನ್ನ ಅಜ್ಜನೂ ಹೋಗ್ತಿದ್ರು" ಎಂದಳು. ಹೋಗ್ತಿದ್ರು ಎಂದದ್ದಕ್ಕೆ ನಾನು ಮುಂದೆ ಏನೂ ಕೇಳಲಿಲ್ಲ.

ಇನ್ನು ಬಿರಿಯಾನಿ ಚಾಲೆಂಜ್. ಕೇರಳದಲ್ಲಿ ಈಗ ಯಾವ ಸಹಾಯಕ್ಕೂ ಇದೇ ಹೆಸರು. ಮೊದಲೇ ಕೂಪನ್ ಮಾರಿ, ಅಷ್ಟೇ ಪ್ಯಾಕೆಟ್ ಮಾಡಿ, ಮನೆಮನೆಗೆ ಮುಟ್ಟಿಸುವುದು. ಹಿಂದೆ ನಾವು ಸಹಾಯಾರ್ಥ ಯಕ್ಷಗಾನ ಇಡುತ್ತಿದ್ದೆವು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಕುಂಬಳೆ ಪಕ್ಕದಲ್ಲೇ ಇರುವಾಗ ಆಟವೇ ನಮಗೆ ಮೊದಲು ನೆನಪಾಗುವುದು ಸಹಜ. ಆದರೆ ಚಪ್ಪರ, ಮೈಕ್, ಲೈಟ್, ಮೇಳದ ವೀಳ್ಯ (ಸಂಭಾವನೆ) ಎಲ್ಲ ಕಳೆದು ಒಂದು ವರ್ಷ ಕೈಯಲ್ಲಿ ಉಳಿದದ್ದು ನಾಲ್ಕು ಸಾವಿರ. ಆಟವನ್ನು ಆಟಕ್ಕಾಗಿಯೇ ಆಡಿಸಬೇಕು, ನಿಧಿಗೆ ಬೇರೆ ದಾರಿ ಹುಡುಕಬೇಕು ಎಂದು ಅವತ್ತು ತೀರ್ಮಾನ ಮಾಡಿದೆವು.

ಕೂಪನ್ ಪುಸ್ತಕ ನನ್ನ ಪ್ರೆಸ್ಸಿನದ್ದೇ. ಒಂದು ಬದಿ ಕನ್ನಡ, ಒಂದು ಬದಿ ಮಲಯಾಳ. ಅಂಚು ತೂತು ಹೊಡೆದು ಹೊಲಿದದ್ದು ಬೈಂಡರಣ್ಣ, ಡಯಾಲಿಸಿಸ್ ಇಲ್ಲದ ದಿನ ಬಂದು, ಬಲಗೈಯಲ್ಲಿ ಮಾತ್ರ ಎಳೆದು. ಬೇಡ ಎಂದರೂ ಕೇಳಲಿಲ್ಲ. ಹೊಲಿದು ಮುಗಿಸಿ ಜೇಬಿನಿಂದ 220 ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಬಿರಿಯಾನಿ, ಒಂದು ಹೋಳಿಗೆ. ನಾನು ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದೆ. "ಬೇರೆಯವರ ಹಣ ಹಿಡಿಯುತ್ತದೆ, ನನ್ನದು ಹಿಡಿಯುವುದಿಲ್ಲವಾ?" ಎಂದರು. ಹಿಡಿಯುತ್ತದೆ ಅಣ್ಣ ಎಂದು ರಶೀದಿ ಬರೆದುಕೊಟ್ಟೆ.

ನಿನ್ನೆ ರಾತ್ರಿ ಒಂಬತ್ತಕ್ಕೆ ನೀರುಳ್ಳಿ ಹೆಚ್ಚಲು ಕೂತವರು ಮೂವತ್ತು ಮಂದಿಗೆ ಕಮ್ಮಿ ಇಲ್ಲ. ಬಿರಿಯಾನಿ ಬೇಯಿಸಿದವರು ಮದುವೆ ಅಡುಗೆ ಮಾಡುವ ಬ್ಯಾರಿ ಬಂಧುಗಳು, ಕೂಲಿ ತೆಗೆದುಕೊಳ್ಳಲಿಲ್ಲ. ಶಬರಿಮಲೆಗೆ ಮಾಲೆ ಹಾಕಿದ ನಾಲ್ಕು ಹುಡುಗರು ಮಾಂಸದ ಕಡೆ ಬರುವ ಹಾಗಿಲ್ಲ, ಅವರೇ ಹೋಳಿಗೆಯ ಕಡೆ ನಿಂತರು. ಕಣಕ ನಾದಿದ್ದು, ಹೂರಣ ಅರೆಯಲು ಗ್ರೈಂಡರ್ ತಂದದ್ದು, ಪ್ಯಾಕ್ ಮಾಡಿದ್ದು ಎಲ್ಲ ಅವರು. ತಟ್ಟಿ ಬೇಯಿಸಿದ್ದು ಮಾತ್ರ ನಮ್ಮ ಮನೆಯವರೂ ಅಕ್ಕಪಕ್ಕದ ಅಮ್ಮಂದಿರೂ. ಬೆಳಗ್ಗೆ ನಾಲ್ಕಕ್ಕೆ ಬಿರಿಯಾನಿಯ ದೊಡ್ಡ ಚೆಂಬಿನ ದಮ್ಮು ತೆಗೆದಾಗ ಹೊಗೆಯ ಜೊತೆ ಬಂದ ಪರಿಮಳಕ್ಕೆ, ಜೀವಮಾನದಲ್ಲಿ ಮಾಂಸ ಮುಟ್ಟದ ನಮ್ಮ ಕಾರ್ಯದರ್ಶಿಯೂ ಹತ್ತಿರ ಬಂದು ನಿಂತರು. ತುಳು, ಮಲಯಾಳ, ಕನ್ನಡ, ಹವ್ಯಕ, ಬ್ಯಾರಿ ಎಲ್ಲ ಆ ಚಪ್ಪರದಡಿಯಲ್ಲಿ ಕೇಳುತ್ತಿತ್ತು. ನನ್ನ ಊರಿನ ಮೇಲೆ ನನಗೆ ಇರುವ ಪ್ರೀತಿ ಅಂಥ ಹೊತ್ತಿನಲ್ಲಿ ಉಕ್ಕಿ ಬರುತ್ತದೆ.

ಮಧ್ಯಾಹ್ನ ಒಂದೂವರೆಗೆ ಬೈಕುಗಳಲ್ಲಿ ಹಂಚಿ ಮುಗಿಯಿತು. ಹದಿನೆಂಟು ಪ್ಯಾಕೆಟ್ ದಾರಿ ತಪ್ಪಿ ತಡವಾಯಿತು, ಅವರಲ್ಲಿ ಫೋನಿನಲ್ಲಿ ಕ್ಷಮೆ ಕೇಳಿದೆ.

ಖಜಾಂಚಿಯಾಗಿ ಒಂದು ಮಾತು. ಲಯನ್ಸ್‌ನಲ್ಲಿ ಎರಡು ಖಾತೆಯ ನಿಯಮ ಇದೆ. ಸದಸ್ಯರ ವರ್ಗಣಿ ಆಡಳಿತದ ಖಾತೆಗೆ, ಜನರಿಂದ ಎತ್ತಿದ ಹಣ ಚಟುವಟಿಕೆಯ ಖಾತೆಗೆ. ಜನರ ಹಣದಿಂದ ಕ್ಲಬ್ಬಿನ ಮೀಟಿಂಗಿನ ಒಂದು ಚಹಾ ಕೂಡ ಕುಡಿಯುವ ಹಾಗಿಲ್ಲ, ಅದು ಜನರಿಗೇ ಮರಳಬೇಕು. 1917ರಲ್ಲಿ ಶಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮೆ ವ್ಯಾಪಾರಿ ಕಟ್ಟಿದ ಸಂಸ್ಥೆ ಇಷ್ಟು ದೂರದ ಬದಿಯಡ್ಕದವರೆಗೆ ಬಂದು ನಿಂತದ್ದಕ್ಕೆ ಈ ನಿಯಮವೇ ಕಾರಣ ಎಂದು ನಾನು ನಂಬಿದ್ದೇನೆ. ಹೆಲೆನ್ ಕೆಲ್ಲರ್ ಓಹಿಯೋದ ಸಮಾವೇಶಕ್ಕೆ ಬಂದು, ಕುರುಡರ ಪರವಾಗಿ ನಿಲ್ಲಿ ಎಂದು ಲಯನ್ಸ್‌ನವರನ್ನು ಕೇಳಿಕೊಂಡು ಈ ಜೂನ್‌ಗೆ ನೂರು ವರ್ಷ ತುಂಬುತ್ತದೆ. ಅದರ ನೆನಪಿಗೆ ನಮ್ಮದೊಂದು ಕಣ್ಣಿನ ಶಿಬಿರ ಆಗಲೇಬೇಕು, ಅದಕ್ಕೆ ಬೇರೆ ಹಣ ಹುಡುಕುವ. ಇವತ್ತಿನದ್ದನ್ನು ಮುಟ್ಟುವುದಿಲ್ಲ. ರಾತ್ರಿ ಕೆಲಸಕ್ಕೆ ಕೂತವರ ಕಟ್ಟಂಚಾಯದ (ಹಾಲಿಲ್ಲದ ಚಹಾ) ಹಣವನ್ನು ಅಧ್ಯಕ್ಷರು ತಮ್ಮ ಕೈಯಿಂದ ಹಾಕಿದ್ದಾರೆ. ಖರ್ಚಿನ ಪ್ರತಿ ಬಿಲ್ಲನ್ನೂ ಜೋಡಿಸಿ ಇಟ್ಟಿದ್ದೇನೆ. ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ನಾಳೆ ಲೆಕ್ಕ ಅಂಟಿಸುತ್ತೇನೆ, ಎರಡು ಭಾಷೆಯಲ್ಲಿ. ಮಲಯಾಳದಲ್ಲಿ ಮಾತ್ರ ಬರುವ ಅರ್ಜಿಗಳನ್ನು ತಿರುಗಿಸಿ ಮುರುಗಿಸಿ ನೋಡಿ ಸುಮ್ಮನೆ ಮಡಚಿಡುವ ಹಿರಿಯರನ್ನು ನಾನು ದಿನಾ ಪ್ರೆಸ್ಸಿನಲ್ಲಿ ಕಾಣುತ್ತೇನೆ. ನಮ್ಮ ಲೆಕ್ಕದ ಚೀಟಿಯನ್ನು ಯಾರೂ ಹಾಗೆ ಮಡಚಿಡಬಾರದು.

ಸಂಜೆ ಬೈಂಡರಣ್ಣನ ಮನೆಗೆ ಅವರು ದುಡ್ಡು ಕೊಟ್ಟು ಕೊಂಡ ಪ್ಯಾಕೆಟ್ ಎರಡನ್ನೂ ತೆಗೆದುಕೊಂಡು ಹೋದೆ. ಬಿರಿಯಾನಿ ಮೊಮ್ಮಕ್ಕಳಿಗೆ ಹೋಯಿತು, ಅವರಿಗೆ ಉಪ್ಪು ಆಗದು. ಬಾಳೆಹಣ್ಣು, ಬೊಂಡ (ಎಳನೀರು) ಯಾವುದೂ ಆಗದು. ನೀರಿಗೂ ಅಳತೆ. ದಿನದ ಪಾಲನ್ನು ಬೆಳಗ್ಗೆಯೇ ಒಂದು ಬಾಟಲಿಗೆ ತುಂಬಿಸಿ, ಸಣ್ಣ ಸ್ಟೀಲಿನ ಲೋಟದಲ್ಲಿ ಬಗ್ಗಿಸಿ ಕುಡಿಯುತ್ತಾರೆ. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ಹೋಳಿಗೆಯ ಒಂದು ತುಂಡು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾಡಿದ್ದು ಮಂಗಳವಾರ ಸಂಕ್ರಾಂತಿ, ಅವತ್ತಿಗೆ ಒಂದು ತುಂಡು ಇರಲಿ ಎಂದು ಹೆಂಡತಿಗೆ ಹೇಳಿ ತೆಗೆದಿಡಿಸಿದರು.

ಆಮೇಲೆ ವ್ಯಾನಿನ ಪಟ್ಟಿ ಓದಿ ಹೇಳಲು ಕೇಳಿದರು. ಮೊದಲ ಮನೆಗೆ ಐದು ಗಂಟೆಗೆ, ಇವರಲ್ಲಿಗೆ ಐದೂ ಇಪ್ಪತ್ತಕ್ಕೆ, ಕೊನೆಯವರು ಹತ್ತುವುದು ಆರು ಗಂಟೆಗೆ. ಆರೂ ಮಂದಿಗೆ ಒಂದೇ ಶಿಫ್ಟ್ ಸಿಗುವ ಹಾಗೆ ಅಲ್ಲಿನ ನರ್ಸಮ್ಮ ಹೊಂದಿಸಿ ಕೊಟ್ಟಿದ್ದಾರೆ. ಬೈಂಡರಣ್ಣ ಬೆರಳು ಮಡಚಿ ಲೆಕ್ಕ ಹಾಕಿ, "ಹಾಗಾದರೆ ಶುಕ್ರವಾರವೂ ಬರುತ್ತದೆ" ಎಂದರು.

ಬರುತ್ತದೆ ಎಂದೆ. ಜಗಲಿಯ ಮೂಲೆಯಲ್ಲಿ ಬೆಡ್‌ಶೀಟ್, ಕಾರ್ಡ್, ಫೈಲು ತುಂಬಿಸಿದ ಚೀಲ ಆಗಲೇ ಸಿದ್ಧವಾಗಿತ್ತು.

ನಾನು ಅಲಾರ್ಮ್ ನಾಲ್ಕೂವರೆಗೆ ಇಟ್ಟಿದ್ದೇನೆ. ಮೊದಲ ದಿನ ವ್ಯಾನಿನ ಜೊತೆ ನಾನೂ ಹೋಗಬೇಕು.